ಸಿಸ್ಟಮ್ ಸ್ಲೋ ಉಂಟು: ಸಾಫ್ಟ್‌ವೇರ್ ಎಲ್ಲಿ ಕಾಯುತ್ತಿದೆ ಎಂದು ಹುಡುಕುವ ಕೈಪಿಡಿ

ಮಂಗಳೂರು, ಉಡುಪಿ ಕಡೆಯ ಸಹಕಾರಿ ಸಂಘಗಳು, ಕಾಲೇಜುಗಳು, ಆಸ್ಪತ್ರೆಗಳು ಮತ್ತು ದೇವಸ್ಥಾನಗಳ ಸಾಫ್ಟ್‌ವೇರನ್ನು ನೋಡಿಕೊಳ್ಳುವ ಎಂಜಿನಿಯರುಗಳಿಗೆ ಬರುವ ದೂರುಗಳಲ್ಲಿ ಅತ್ಯಂತ ಕಷ್ಟದ್ದು "ಸಿಸ್ಟಮ್ ಸ್ಲೋ ಉಂಟು ಸರ್" ಎಂಬ ಒಂದು ಸಾಲಿನ ದೂರು. ತಪ್ಪು ಉತ್ತರ ಕೊಡುವ ಪ್ರೋಗ್ರಾಮಾದರೆ ಅದೇ ಮಾಹಿತಿಯನ್ನು ಮತ್ತೊಮ್ಮೆ ಕೊಟ್ಟು ದೋಷವನ್ನು ಕಣ್ಣಾರೆ ನೋಡಬಹುದು. ನಿಧಾನವಾಗುವ ಪ್ರೋಗ್ರಾಮಿನ ಸ್ವಭಾವ ಬೇರೆ. ಹತ್ತು ಜನ ಬಳಸುವಾಗ ಅದು ಚೆನ್ನಾಗಿಯೇ ಇರುತ್ತದೆ, ಸಾವಿರ ಜನ ಬಂದಾಗ ಕೆಡುತ್ತದೆ, ನಾವು ಪರೀಕ್ಷಿಸಲು ಕುಳಿತಾಗ ಮತ್ತೆ ಸರಿಯಾಗಿರುತ್ತದೆ. ಇದರಿಂದ ಬೇಸತ್ತವರು ಸರ್ವರ್ ರೀಸ್ಟಾರ್ಟ್ ಮಾಡುತ್ತಾರೆ, ಅದೂ ಸಾಲದಿದ್ದರೆ ಇನ್ನೊಂದು ಸರ್ವರ್ ಸೇರಿಸುತ್ತಾರೆ. ಇವೆರಡನ್ನೂ ಮಾಡುವ ಮುನ್ನ ಕೇಳಿಕೊಳ್ಳಬೇಕಾದ ಪ್ರಶ್ನೆ ಒಂದೇ: ಯಾವುದು ಯಾವುದಕ್ಕಾಗಿ ಕಾಯುತ್ತಿದೆ? ಯಾವ ಭಾಗ ಬಿಡುವಿಲ್ಲದೆ ಕೆಲಸ ಮಾಡುತ್ತಿದೆ ಎಂಬುದಕ್ಕಿಂತ ಯಾವ ಬಾಗಿಲಿನ ಮುಂದೆ ಸರದಿ ಬೆಳೆಯುತ್ತಿದೆ ಎಂಬುದು ದೋಷವನ್ನು ಬೇಗ ತೋರಿಸಿಕೊಡುತ್ತದೆ. ಜಗತ್ತಿನ ಹೆಸರಾಂತ ವೈಫಲ್ಯಗಳ ವರದಿಗಳನ್ನು ಈ ಪ್ರಶ್ನೆ ಇಟ್ಟುಕೊಂಡು ಓದಿದರೆ, ನಮ್ಮ ಸಣ್ಣ ಸರ್ವರಿನಲ್ಲಿ ನಡೆಯುವುದೂ ಅಲ್ಲಿ ನಡೆದದ್ದೂ ಬಹುಮಟ್ಟಿಗೆ ಒಂದೇ ಎಂದು ತಿಳಿಯುತ್ತದೆ.

ರೀಸ್ಟಾರ್ಟ್ ಮಾಡುವ ಮುನ್ನ

ದೂರು ಬಂದಾಗ ಫೋನಿನಲ್ಲೇ ಕೆಲವು ವಿಷಯಗಳನ್ನು ಕೇಳಿ ಬರೆದಿಟ್ಟುಕೊಳ್ಳಬೇಕು. ನಿಧಾನವಾಗಿರುವುದು ಒಂದೇ ಪರದೆಯೋ ಎಲ್ಲವೂ ಹಾಗೆಯೋ, ಒಂದೇ ಶಾಖೆಯಲ್ಲೋ ಎಲ್ಲ ಕಡೆಯೋ, ಎಷ್ಟು ಹೊತ್ತಿನಿಂದ ಹೀಗಾಗಿದೆ, ಕೊನೆಗೆ ಕೆಲಸ ಆಗುತ್ತದೆಯೋ ಅಥವಾ ಎರರ್ ಬರುತ್ತದೆಯೋ ಎಂಬುದು ಮುಖ್ಯ. ಎರರ್ ಬರುವುದಾದರೆ ಎಷ್ಟು ಸೆಕೆಂಡಿಗೆ ಬರುತ್ತದೆ ಎಂದು ಗಡಿಯಾರ ನೋಡಿ ಹೇಳುವಂತೆ ಕೇಳಿಕೊಳ್ಳಿ. ಪ್ರತಿ ಸಲವೂ ಸರಿಯಾಗಿ 30 ಸೆಕೆಂಡಿಗೆ ಎರರ್ ಬರುತ್ತಿದ್ದರೆ ಅಲ್ಲೊಂದು ಟೈಮ್‌ಔಟ್, ಅಂದರೆ ಇಷ್ಟೇ ಹೊತ್ತು ಕಾಯಬೇಕೆಂಬ ಮಿತಿ, ಕೆಲಸ ಮಾಡುತ್ತಿದೆ ಎಂದರ್ಥ. ಜಾವಾ ಪ್ರೋಗ್ರಾಮುಗಳಿಗೆ ಡೇಟಾಬೇಸ್ ಕನೆಕ್ಷನ್‌ಗಳನ್ನು ತೆರೆದಿಟ್ಟುಕೊಂಡು ಹಂಚುವ ಹಿಕಾರಿ ಕನೆಕ್ಷನ್ ಪೂಲ್, ಕನೆಕ್ಷನ್ ಸಿಗದೆ ಕಾಯುವ ಅವಧಿಯನ್ನು ತಾನಾಗಿ 30 ಸೆಕೆಂಡಿಗೆ ಇಟ್ಟಿರುತ್ತದೆ. ವಿನಂತಿಗಳನ್ನು ಮುಂದೆ ನಿಂತು ಸ್ವೀಕರಿಸುವ ವೆಬ್ ಸರ್ವರ್ ಎಂಜಿನ್‌ಎಕ್ಸ್ ತನ್ನ ಹಿಂದಿನ ಸರ್ವರಿನ ಉತ್ತರಕ್ಕೆ ತಾನಾಗಿ 60 ಸೆಕೆಂಡು ಕಾಯುತ್ತದೆ. ಎರರ್ ಬರಲು ಹಿಡಿದ ಆ ಒಂದು ಅಂಕಿಯೇ ಅನೇಕ ಸಲ ಅರ್ಧ ದಾರಿಯನ್ನು ಸವೆಸಿಕೊಡುತ್ತದೆ.

ಬಳಿಕ ಸಾಕ್ಷ್ಯ ಸಂಗ್ರಹ. ರೀಸ್ಟಾರ್ಟ್ ಮಾಡಿದ ಕ್ಷಣ ಮೆಮೊರಿಯಲ್ಲಿದ್ದ ಸಾಕ್ಷ್ಯವೆಲ್ಲ ಅಳಿಸಿಹೋಗುತ್ತದೆ. ಅದಕ್ಕೆ ಮೊದಲು ಎರಡು ನಿಮಿಷ ಕೊಡಲೇಬೇಕು. ಜಾವಾ ಅಪ್ಲಿಕೇಷನ್ನಾದರೆ ಹತ್ತು ಹತ್ತು ಸೆಕೆಂಡಿನ ಅಂತರದಲ್ಲಿ ಮೂರು ಥ್ರೆಡ್ ಡಂಪ್ ತೆಗೆಯಬೇಕು; ಒಂದೊಂದು ವಿನಂತಿಯನ್ನು ನಡೆಸುವ ಥ್ರೆಡ್‌ಗಳು ಆ ಕ್ಷಣ ಕೋಡಿನ ಯಾವ ಸಾಲಿನಲ್ಲಿವೆ ಎಂಬ ಪಟ್ಟಿ ಅದು. ಒಂದೇ ಡಂಪಿನಲ್ಲಿ ಕಾಣುವುದು ಒಂದು ಕ್ಷಣದ ಚಿತ್ರ ಮಾತ್ರ. ಮೂರರಲ್ಲೂ ಅದೇ ಥ್ರೆಡ್ ಅದೇ ಸಾಲಿನಲ್ಲಿ ನಿಂತಿದ್ದರೆ ಅದು ನಿಜವಾಗಿಯೂ ಸಿಕ್ಕಿಬಿದ್ದಿದೆ. ಅದರೊಂದಿಗೆ ಡೇಟಾಬೇಸಿನ ಆ ಹೊತ್ತಿನ ಸೆಷನ್‌ಗಳ ಪಟ್ಟಿ, ಸಿಪಿಯು, ಮೆಮೊರಿ, ಡಿಸ್ಕ್ ಬಳಕೆ ತೋರಿಸುವ ಟಾಪ್, ವಿಎಂಸ್ಟಾಟ್, ಐಒಸ್ಟಾಟ್ ಆಜ್ಞೆಗಳ ಫಲಿತಾಂಶ, ಕೊನೆಯ ಅರ್ಧ ಗಂಟೆಯ ಲಾಗ್ ಇವನ್ನೆಲ್ಲ ಒಂದು ಫೋಲ್ಡರಿಗೆ ಹಾಕಿಡಿ. ಆಸ್ಪತ್ರೆಯಂಥ ಕಡೆ ಅಷ್ಟು ಹೊತ್ತು ಕಾಯುವಂತಿಲ್ಲ ಎಂದಾದರೆ ಒಂದು ಸರ್ವರನ್ನು ಮಾತ್ರ ವಿನಂತಿಗಳನ್ನು ಸರ್ವರ್‌ಗಳಿಗೆ ಹಂಚುವ ಲೋಡ್ ಬ್ಯಾಲೆನ್ಸರಿನಿಂದ ಹೊರಗಿಟ್ಟು ಪರೀಕ್ಷೆಗೆ ಉಳಿಸಿಕೊಂಡು, ಉಳಿದವನ್ನು ರೀಸ್ಟಾರ್ಟ್ ಮಾಡಬಹುದು.

ಇನ್ನೊಂದು ಎಚ್ಚರ ಸರಾಸರಿಯ ವಿಷಯದಲ್ಲಿ ಬೇಕು. ನೂರು ವಿನಂತಿಗಳಲ್ಲಿ 98 ವಿನಂತಿಗಳು 0.1 ಸೆಕೆಂಡಿನಲ್ಲಿ ಮುಗಿದು, ಉಳಿದ ಎರಡಕ್ಕೆ ತಲಾ 20 ಸೆಕೆಂಡು ಹಿಡಿದರೂ ಸರಾಸರಿ ಅರ್ಧ ಸೆಕೆಂಡಿನ ಒಳಗೇ ಇರುತ್ತದೆ, ಡ್ಯಾಶ್‌ಬೋರ್ಡ್ ಹಸಿರಾಗಿಯೇ ಕಾಣುತ್ತದೆ. ದೂರು ಕೊಡುವವರು ಆ ಇಬ್ಬರು. ಆದ್ದರಿಂದ ವಿನಂತಿಗಳನ್ನು ವೇಗದ್ದರಿಂದ ನಿಧಾನದ್ದಕ್ಕೆ ಜೋಡಿಸಿ, ನೂರರಲ್ಲಿ 95ನೆಯ ಮತ್ತು 99ನೆಯ ಸ್ಥಾನದ ಸಮಯವನ್ನೇ ನೋಡಬೇಕು.

ತಿಳಿದಿರಲೇಬೇಕಾದ ಎರಡು ಲೆಕ್ಕಗಳು

ಮೊದಲನೆಯದನ್ನು ಜಾನ್ ಲಿಟಲ್ 1961ರಲ್ಲಿ ಗಣಿತದ ಮೂಲಕ ಸಾಧಿಸಿ ತೋರಿಸಿದರು. ಒಳಗಿರುವವರ ಸಂಖ್ಯೆ ಎಂದರೆ ಬರುವವರ ವೇಗವನ್ನು ಒಬ್ಬೊಬ್ಬರು ಒಳಗೆ ಕಳೆಯುವ ಸಮಯದಿಂದ ಗುಣಿಸಿದಷ್ಟು. ಉಡುಪಿಯ ಮಠದ ಭೋಜನಶಾಲೆಯಲ್ಲಿ ಒಂದು ಪಂಕ್ತಿಗೆ 500 ಮಂದಿ ಕುಳಿತು ಅರ್ಧ ಗಂಟೆಯಲ್ಲಿ ಎದ್ದರೆ ಗಂಟೆಗೆ ಸಾವಿರ ಮಂದಿಯ ಊಟ ಆಗುತ್ತದೆ. ಬಡಿಸುವುದು ತಡವಾಗಿ ಊಟಕ್ಕೆ ಒಂದು ಗಂಟೆ ಹಿಡಿದರೆ ಅದೇ ಜಾಗದಲ್ಲಿ ಐನೂರೇ ಮಂದಿ, ಉಳಿದವರು ಹೊರಗೆ. ಸರ್ವರಿನ ಥ್ರೆಡ್‌ಗಳೂ ಡೇಟಾಬೇಸ್ ಕನೆಕ್ಷನ್‌ಗಳೂ ಹೀಗೆಯೇ ಎಣಿಕೆಯ ಜಾಗಗಳು. ಜಾವಾ ಸರ್ವರ್ ಟಾಮ್‌ಕ್ಯಾಟ್ ತಾನಾಗಿ ಕೊಡುವುದು ಗರಿಷ್ಠ 200 ಥ್ರೆಡ್, ಹಿಕಾರಿ ಪೂಲ್ 10 ಕನೆಕ್ಷನ್, ಡೇಟಾಬೇಸ್‌ಗಳಲ್ಲಿ ಪೋಸ್ಟ್‌ಗ್ರೆಸ್ ಒಟ್ಟು 100 ಕನೆಕ್ಷನ್, ಮೈಎಸ್‌ಕ್ಯೂಎಲ್ 151. ಬದಲಾಯಿಸದೆ ಬಿಟ್ಟ ಈ ಅಂಕಿಗಳನ್ನು ಒಂದು ಕಾಗದದ ಮೇಲೆ ಸಾಲಾಗಿ ಬರೆದರೆ ಎಲ್ಲಿ ಇಕ್ಕಟ್ಟಾಗಬಹುದು ಎಂದು ದೋಷ ಬರುವ ಮೊದಲೇ ಗೊತ್ತಾಗುತ್ತದೆ.

ಎರಡನೆಯದು ಬಳಕೆ ಮತ್ತು ವಿಳಂಬದ ಸಂಬಂಧ. ವಿನಂತಿಗಳು ಅನಿಯಮಿತವಾಗಿ ಬರುವ ಒಂದು ಸರದಿಯಲ್ಲಿ, ಸರಳ ಮಾದರಿಯ ಪ್ರಕಾರ, ಬಳಕೆ 50 ಶೇಕಡಾ ಇದ್ದಾಗ ಒಟ್ಟು ಸಮಯ ಕೆಲಸದ ಸಮಯದ ಎರಡು ಪಟ್ಟು, 80 ಶೇಕಡಾ ಆದಾಗ ಐದು ಪಟ್ಟು, 90ಕ್ಕೆ ಹತ್ತು ಪಟ್ಟು, 95ಕ್ಕೆ ಇಪ್ಪತ್ತು ಪಟ್ಟು. "ನಿನ್ನೆಯವರೆಗೆ ಚೆನ್ನಾಗಿತ್ತು, ಇವತ್ತು ಒಮ್ಮೆಲೇ ಹೋಯಿತು" ಎಂಬ ಮಾತು ಇದರಿಂದ ಹುಟ್ಟುತ್ತದೆ. ಜನ ಹೆಚ್ಚಾದದ್ದು ಸ್ವಲ್ಪವೇ ಇರಬಹುದು, ಆದರೆ ಆ ಸ್ವಲ್ಪ ಬಂದು ಸೇರಿದ್ದು ಕಡಿದಾದ ಜಾಗದಲ್ಲಿ.

ಅಡಿಕೆ ಬಿಲ್ಲಿನ ಪ್ರಕರಣ

ಕರಾವಳಿಯ ಒಂದು ಕೃಷಿಕರ ಸಂಸ್ಥೆಯ ಸರ್ವರಿನಲ್ಲಿ ಕಂಡ ದೋಷವನ್ನು ಸ್ವಲ್ಪ ವಿವರವಾಗಿ ನೋಡುವುದು ಉಪಯುಕ್ತ, ಏಕೆಂದರೆ ನಮ್ಮ ಕಡೆಯ ಬಹಳಷ್ಟು ಸಾಫ್ಟ್‌ವೇರಿನ ಕಟ್ಟಡ ಇದೇ ಬಗೆಯದು. ಪುತ್ತೂರು, ಸುಳ್ಯ, ಬೆಳ್ತಂಗಡಿ, ಕಾರ್ಕಳದ ಶಾಖೆಗಳಿಗೆ ರೈತರು ಅಡಿಕೆ ತರುತ್ತಾರೆ. ಹೊಸತು, ಹಳತು, ಪಟೋರ, ಕರಿಗೋಟು ಎಂದು ವಿಂಗಡಿಸಿ ತೂಗಿದ ಮೇಲೆ ಸಿಬ್ಬಂದಿ ಬಿಲ್ಲು ಮಾಡುತ್ತಾರೆ, ಹಣ ಖಾತೆಗೆ ಹೋಗುತ್ತದೆ, ರೈತರ ಮೊಬೈಲಿಗೆ ಎಸ್‌ಎಂಎಸ್ ಬರುತ್ತದೆ. ದರ ಏರಿದ ಒಂದು ಬೆಳಿಗ್ಗೆ ಎಲ್ಲ ಶಾಖೆಗಳಲ್ಲೂ ಬಿಲ್ಲು ನಿಂತಿತು. ಬಿಲ್ಲಷ್ಟೇ ಅಲ್ಲ, ಕೇವಲ ಅಂದಿನ ದರ ತೋರಿಸುವ ಪರದೆಯೂ ತೆರೆಯುತ್ತಿರಲಿಲ್ಲ. ಮೂವತ್ತು ಸೆಕೆಂಡು ಸುತ್ತಿ ಎರರ್ ಬರುತ್ತಿತ್ತು. ಆದರೆ ಅಪ್ಲಿಕೇಷನ್ ಸರ್ವರಿನ ಸಿಪಿಯು ಬಹುತೇಕ ಖಾಲಿ, ಡೇಟಾಬೇಸ್ ಸರ್ವರಿನ ಸಿಪಿಯು ಇನ್ನೂ ಖಾಲಿ. ಮೊದಲು ನೋಡಿದವರು ನೆಟ್‌ವರ್ಕ್ ದೋಷ ಎಂದರು. ಖಾಲಿ ಸಿಪಿಯು ಕಂಡಾಗ ಹಾಗೆ ತೋಚುವುದು ಸಹಜ.

ಥ್ರೆಡ್ ಡಂಪ್ ತೆಗೆದಾಗ ಚಿತ್ರ ಬದಲಾಯಿತು. ನೂರಾರು ಥ್ರೆಡ್‌ಗಳು ಕೋಡಿನ ಒಂದೇ ಸಾಲಿನಲ್ಲಿ, ಪೂಲಿನಿಂದ ಕನೆಕ್ಷನ್ ಕೇಳುವ ಸಾಲಿನಲ್ಲಿ, ನಿಂತಿದ್ದವು. ಹತ್ತು ಥ್ರೆಡ್‌ಗಳು ಮಾತ್ರ ಬೇರೆ ಕಡೆ ಇದ್ದವು: ಎಸ್‌ಎಂಎಸ್ ಸೇವೆಯ ಉತ್ತರವನ್ನು ಓದುವ ಸಾಲಿನಲ್ಲಿ. ಪೋಸ್ಟ್‌ಗ್ರೆಸ್‌ನ ಸೆಷನ್ ಪಟ್ಟಿಯಲ್ಲಿ ಹತ್ತು ಕನೆಕ್ಷನ್‌ಗಳೂ "ಐಡಲ್ ಇನ್ ಟ್ರಾನ್ಸಾಕ್ಷನ್" ಎಂಬ ಸ್ಥಿತಿಯಲ್ಲಿದ್ದವು. ಡೇಟಾಬೇಸ್ ತನ್ನ ಕೆಲಸ ಮುಗಿಸಿ, ಅಪ್ಲಿಕೇಷನ್ ಮುಂದಿನ ಮಾತು ಹೇಳಲಿ ಎಂದು ಕಾಯುವ ಸ್ಥಿತಿ ಅದು. ಅಂದರೆ ಡೇಟಾಬೇಸ್ ಅಪ್ಲಿಕೇಷನ್ನಿಗಾಗಿ, ಅಪ್ಲಿಕೇಷನ್ ಎಸ್‌ಎಂಎಸ್ ಸೇವೆಗಾಗಿ, ಉಳಿದ ಎಲ್ಲರೂ ಆ ಹತ್ತು ಕನೆಕ್ಷನ್‌ಗಳಿಗಾಗಿ ಕಾಯುತ್ತಿದ್ದರು. ಕೋಡು ತೆರೆದು ನೋಡಿದರೆ ಬಿಲ್ಲಿನ ಟ್ರಾನ್ಸಾಕ್ಷನ್ (ಪೂರ್ತಿ ಆಗಬೇಕು ಇಲ್ಲವೇ ಏನೂ ಆಗಬಾರದು ಎಂಬಂತೆ ಕಟ್ಟಿದ ಡೇಟಾಬೇಸ್ ಕೆಲಸಗಳ ಗುಂಪು) ಶುರುವಾಗಿ, ಖಾತೆಯ ದಾಖಲೆ ಬದಲಾಗಿ, ಅದು ಮುಗಿಯುವ ಮೊದಲೇ ಎಸ್‌ಎಂಎಸ್ ಕಳಿಸುವ ಕರೆ ಇತ್ತು. ಆ ಕರೆಗೆ ಟೈಮ್‌ಔಟ್ ಇರಲಿಲ್ಲ.

ಲೆಕ್ಕ ಹಾಕಿದರೆ ಎಲ್ಲವೂ ಹೊಂದಿಕೊಳ್ಳುತ್ತದೆ. ಎಲ್ಲ ಶಾಖೆಗಳು ಸೇರಿ ಸೆಕೆಂಡಿಗೆ ಎರಡು ವ್ಯವಹಾರ ಎಂದಿಟ್ಟುಕೊಳ್ಳೋಣ. ಎಸ್‌ಎಂಎಸ್ ಸೇವೆ 0.2 ಸೆಕೆಂಡಿನಲ್ಲಿ ಉತ್ತರಿಸುವ ದಿನ ಒಂದು ಕನೆಕ್ಷನ್ ಕೂಡ ಪೂರ್ತಿ ಬಳಕೆಯಾಗುವುದಿಲ್ಲ. ಅದೇ ಸೇವೆ 6 ಸೆಕೆಂಡು ತೆಗೆದುಕೊಂಡ ದಿನ ಎರಡನ್ನು ಆರರಿಂದ ಗುಣಿಸಿ 12 ಕನೆಕ್ಷನ್ ಬೇಕು, ಇರುವುದು 10. ಅಲ್ಲಿಗೆ ಸರದಿ ಬೆಳೆಯುತ್ತಲೇ ಹೋಗುತ್ತದೆ. ದರ ತೋರಿಸುವ ಪರದೆಗೂ ಅದೇ ಪೂಲಿನಿಂದ ಕನೆಕ್ಷನ್ ಬೇಕಾದ್ದರಿಂದ ತಪ್ಪೇನೂ ಇಲ್ಲದ ಆ ಪರದೆಯೂ ನಿಲ್ಲುತ್ತದೆ. ಪೂಲನ್ನು 10ರಿಂದ 20ಕ್ಕೆ ಏರಿಸಿದ್ದರೆ ಆ ದಿನ ದಾಟುತ್ತಿತ್ತು, ಆದರೆ ಎಸ್‌ಎಂಎಸ್ ಸೇವೆ 12 ಸೆಕೆಂಡು ತೆಗೆದುಕೊಂಡ ದಿನ ಮತ್ತೆ ಅದೇ ಸ್ಥಿತಿ ಬರುತ್ತಿತ್ತು. ಸರಿಯಾದ ಪರಿಹಾರ ಎಂದರೆ ಎಸ್‌ಎಂಎಸ್ ಕರೆಯನ್ನು ಟ್ರಾನ್ಸಾಕ್ಷನ್ನಿನಿಂದ ಹೊರಗೆ ತರುವುದು. ಬಿಲ್ಲಿನ ಜೊತೆಗೆ "ಕಳಿಸಬೇಕಾದ ಸಂದೇಶ" ಎಂದು ಒಂದು ಟೇಬಲಿನಲ್ಲಿ ಸಾಲು ಬರೆದಿಟ್ಟು, ಬೇರೊಂದು ಕೆಲಸಗಾರ ಪ್ರೋಗ್ರಾಮ್ ಅದನ್ನು ಓದಿ ಕಳಿಸುವಂತೆ ಮಾಡಲಾಯಿತು. ಹೊರಗಿನ ಕರೆಗೆ ಮೂರು ಸೆಕೆಂಡಿನ ಟೈಮ್‌ಔಟ್ ಹಾಕಲಾಯಿತು, ಟ್ರಾನ್ಸಾಕ್ಷನ್ ತೆರೆದಿಟ್ಟು ಸುಮ್ಮನಿರುವ ಸೆಷನ್ನನ್ನು ಡೇಟಾಬೇಸೇ ಮುಚ್ಚುವಂತೆ ಪೋಸ್ಟ್‌ಗ್ರೆಸ್‌ನಲ್ಲಿ ಮಿತಿ ಇಡಲಾಯಿತು. ರೈತರ ದುಡಿಮೆಯ ಹಣ ಒಂದು ಸಂದೇಶಕ್ಕಾಗಿ ತಡೆದು ನಿಲ್ಲುವುದು ನ್ಯಾಯವಲ್ಲ. ಕಡ್ಡಾಯವಾದ ಕೆಲಸ ಯಾವುದು, ತಡವಾದರೂ ನಡೆಯುವ ಕೆಲಸ ಯಾವುದು ಎಂಬ ವಿಂಗಡಣೆಯನ್ನು ಕೋಡು ಬರೆಯುವ ದಿನವೇ ಮಾಡಬೇಕು.

ಇದೇ ಜಾತಿಯ ಮತ್ತೊಂದು ದೋಷ ಮಳೆಗಾಲದಲ್ಲಿ ಕಾಣಿಸುತ್ತದೆ. ಘಟ್ಟದ ಬುಡದ ಶಾಖೆಗಳಲ್ಲಿ ಮೊಬೈಲ್ ಸಿಗ್ನಲ್ ಬಂದು ಹೋಗುತ್ತಿರುವಾಗ ಒಂದು ದೊಡ್ಡ ವರದಿ ಇಳಿಯಲು ನಿಮಿಷಗಟ್ಟಲೆ ಹಿಡಿಯುತ್ತದೆ, ಅಷ್ಟೂ ಹೊತ್ತು ಸರ್ವರಿನ ಒಂದು ಥ್ರೆಡ್ ಅವರಿಗೆ ಬೈಟು ಬೈಟಾಗಿ ಕೊಡುತ್ತಾ ಕುಳಿತಿರುತ್ತದೆ. ಮುಂದೆ ಎಂಜಿನ್‌ಎಕ್ಸ್ ಇಟ್ಟು ಅದರ ಬಫರಿಂಗ್ ಚಾಲನೆಯಲ್ಲಿದ್ದರೆ ನಿಧಾನದ ಗ್ರಾಹಕರನ್ನು ಅದು ನೋಡಿಕೊಳ್ಳುತ್ತದೆ, ಥ್ರೆಡ್ ಬೇಗ ಬಿಡುಗಡೆಯಾಗುತ್ತದೆ.

ಖಾಲಿ ಸಿಪಿಯು ಎಷ್ಟು ದೊಡ್ಡವರನ್ನೂ ದಾರಿ ತಪ್ಪಿಸಬಲ್ಲದು ಎಂಬುದಕ್ಕೆ 2021ರ ಜನವರಿ 4ರಂದು ಕಚೇರಿ ಸಂದೇಶಗಳ ತಾಣ ಸ್ಲ್ಯಾಕ್‌ನಲ್ಲಿ ಆದದ್ದು ಸಾಕ್ಷಿ. ಹೊಸ ವರ್ಷದ ರಜೆ ಮುಗಿಸಿ ಜನ ಒಟ್ಟಿಗೆ ಮರಳಿದಾಗ ಅವರ ಕ್ಲೌಡ್ ಪೂರೈಕೆದಾರರ ನೆಟ್‌ವರ್ಕಿನ ಒಂದು ಸಂಧಿಸ್ಥಾನ ತುಂಬಿಹೋಯಿತು. ವೆಬ್ ಸರ್ವರಿನ ಥ್ರೆಡ್‌ಗಳು ಉತ್ತರಕ್ಕಾಗಿ ಕಾಯುತ್ತಾ ನಿಂತವು, ಸಿಪಿಯು ಬಳಕೆ ಇಳಿಯಿತು, ಅದನ್ನು ಕಂಡ ಸ್ವಯಂಚಾಲಿತ ವ್ಯವಸ್ಥೆ "ಕೆಲಸ ಕಡಿಮೆ ಇದೆ" ಎಂದು ತಿಳಿದು ಸರ್ವರ್‌ಗಳನ್ನೇ ಕಡಿಮೆ ಮಾಡಿತು. ಬಳಿಕ ಥ್ರೆಡ್ ಬಳಕೆಯ ಅಳತೆ ಏರಿದ್ದರಿಂದ ಒಂದೇ ಉಸಿರಿಗೆ 1,200 ಸರ್ವರ್ ಸೇರಿಸಲು ಹೊರಟಿತು. ಆಗ ಹೊಸ ಸರ್ವರ್ ಸಿದ್ಧಪಡಿಸುವ ಸೇವೆಯೇ ತೆರೆದ ಫೈಲುಗಳ ಮಿತಿಗೆ ಬಡಿದು ನಿಂತಿತು.

ಸಿಪಿಯು ನಿಜವಾಗಿಯೂ ತುಂಬಿದ್ದರೆ

ಇದು ಹೋಲಿಕೆಯಲ್ಲಿ ಸುಲಭದ ದೋಷ, ಏಕೆಂದರೆ ಥ್ರೆಡ್ ಡಂಪ್ ಅಥವಾ ಪ್ರೊಫೈಲರ್ ನೇರವಾಗಿ ತಪ್ಪಿತಸ್ಥ ಸಾಲನ್ನೇ ತೋರಿಸುತ್ತದೆ. 2016ರ ಜುಲೈ 20ರಂದು ಪ್ರೋಗ್ರಾಮರುಗಳ ಪ್ರಶ್ನೋತ್ತರ ತಾಣ ಸ್ಟ್ಯಾಕ್ ಓವರ್‌ಫ್ಲೋ 34 ನಿಮಿಷ ನಿಂತದ್ದು ಸಾಲಿನ ತುದಿಯ ಖಾಲಿ ಜಾಗ ತೆಗೆಯುವ ಒಂದು ರೆಗ್ಯುಲರ್ ಎಕ್ಸ್‌ಪ್ರೆಶನ್‌ನಿಂದ, ಅಂದರೆ ಪಠ್ಯದಲ್ಲಿ ಅಕ್ಷರಗಳ ಮಾದರಿ ಹುಡುಕುವ ಸೂತ್ರದಿಂದ. ಯಾರೋ ಬರೆದ ಒಂದು ಬರಹದಲ್ಲಿ ಸುಮಾರು 20,000 ಖಾಲಿ ಅಕ್ಷರಗಳು ಸಾಲಾಗಿದ್ದವು, ಆದರೆ ಅವು ಸಾಲಿನ ತುದಿಯಲ್ಲಿರಲಿಲ್ಲ. ಹುಡುಕಾಟ ಮೊದಲ ಅಕ್ಷರದಿಂದ ಹೊರಟು ತುದಿಯಲ್ಲಿ ಸೋತು, ಎರಡನೆಯದರಿಂದ ಮತ್ತೆ ಹೊರಟು, ಹೀಗೆ ಸುಮಾರು 20 ಕೋಟಿ ಹೋಲಿಕೆಗಳನ್ನು ಮಾಡಿತು. ಆ ಬರಹ ಮುಖಪುಟದಲ್ಲಿ ಕಾಣಿಸುತ್ತಿತ್ತು. ಲೋಡ್ ಬ್ಯಾಲೆನ್ಸರ್ ಸರ್ವರಿನ ಆರೋಗ್ಯ ಪರೀಕ್ಷಿಸುತ್ತಿದ್ದುದೂ ಮುಖಪುಟವನ್ನೇ ಕೇಳಿ. ಹೀಗಾಗಿ ಒಂದು ಪುಟದ ದೋಷಕ್ಕೆ ಎಲ್ಲ ಸರ್ವರ್‌ಗಳೂ ಬಳಕೆಯಿಂದ ಹೊರಬಿದ್ದವು. 2019ರ ಜುಲೈ 2ರಂದು ಜಾಲತಾಣಗಳ ಮುಂದೆ ನಿಂತು ಅವನ್ನು ರಕ್ಷಿಸುವ ಕ್ಲೌಡ್‌ಫ್ಲೇರ್ ಕಂಪನಿಯಲ್ಲೂ ಇಂಥದೇ ಒಂದು ಎಕ್ಸ್‌ಪ್ರೆಶನ್ ಜಗತ್ತಿನಾದ್ಯಂತ ಅವರ ಸರ್ವರ್‌ಗಳ ಸಿಪಿಯುವನ್ನು ತುಂಬಿಸಿ ಸುಮಾರು 27 ನಿಮಿಷ ಅಸಂಖ್ಯ ಜಾಲತಾಣಗಳನ್ನು ಮುಚ್ಚಿಸಿತು. ನಮ್ಮಲ್ಲಿ ಪರೀಕ್ಷಿಸುವವರು ವಿಳಾಸ, ಷರಾ ಮುಂತಾದ ಜಾಗಗಳಿಗೆ ಸಾವಿರಾರು ಖಾಲಿ ಅಕ್ಷರಗಳನ್ನು ಹಾಕಿ ಒಮ್ಮೆ ನೋಡಬೇಕು. ಎಕ್ಸೆಲ್‌ನಿಂದ ತಂದು ಅಂಟಿಸಿದ ಮಾಹಿತಿಯಲ್ಲಿ ಅವು ಇದ್ದೇ ಇರುತ್ತವೆ.

ಡೇಟಾಬೇಸಿನ ಸಿಪಿಯು ಅಥವಾ ಡಿಸ್ಕ್ ತುಂಬಿದ್ದರೆ ನಿಧಾನದ ಕ್ವೆರಿಗಳ (ಡೇಟಾಬೇಸಿಗೆ ಕೇಳುವ ಪ್ರಶ್ನೆಗಳ) ಲಾಗ್ ನೋಡಿ, ಪಟ್ಟಿಯ ಮೇಲಿನ ಕ್ವೆರಿ ಹೇಗೆ ನಡೆಯುತ್ತದೆ ಎಂದು ತೋರಿಸುವ ಎಕ್ಸ್‌ಪ್ಲೇನ್ ಆಜ್ಞೆ ಹಾಕಿ, ಬೇಗ ಹುಡುಕಲು ಇಟ್ಟ ಇಂಡೆಕ್ಸ್ ಬಳಕೆಯಾಗುತ್ತಿದೆಯೇ ಎಂದು ತಿಳಿಯುವುದು ಎಲ್ಲರಿಗೂ ಗೊತ್ತಿರುವ ಕ್ರಮ. ಗೊತ್ತಿದ್ದೂ ಕಣ್ತಪ್ಪುವುದು ಸಣ್ಣ ಕ್ವೆರಿಗಳ ಗುಂಪು. ಒಂದು ಸದಸ್ಯರ ಪಟ್ಟಿ ತೋರಿಸಲು ಪ್ರತಿ ಸದಸ್ಯರಿಗೊಂದರಂತೆ 500 ಕ್ವೆರಿ ಹೋಗುತ್ತಿದ್ದರೂ ಸರ್ವರ್ ಪಕ್ಕದ ಕೋಣೆಯಲ್ಲಿರುವಾಗ ತಿಳಿಯುವುದಿಲ್ಲ. ಅಪ್ಲಿಕೇಷನ್ ಮಂಗಳೂರಿನಲ್ಲೇ ಉಳಿದು ಡೇಟಾಬೇಸ್ ಮಾತ್ರ ಮುಂಬೈಯ ಕ್ಲೌಡಿಗೆ ಹೋದಾಗ, ಒಂದು ಹೋಗಿ ಬರುವಿಕೆಗೆ 20 ಮಿಲಿಸೆಕೆಂಡು ಹಿಡಿದರೂ ಆ ಪಟ್ಟಿಗೆ 10 ಸೆಕೆಂಡು ಬೇಕು. ಇಲ್ಲಿ ಯಾವ ಕ್ವೆರಿಯೂ ನಿಧಾನದ ಲಾಗಿನಲ್ಲಿ ಕಾಣಿಸುವುದಿಲ್ಲ. ಒಂದು ಪುಟಕ್ಕೆ ಎಷ್ಟು ಕ್ವೆರಿ ಎಂದು ಎಣಿಸಿಯೇ ಹಿಡಿಯಬೇಕು.

ದೋಷ ತನ್ನನ್ನೇ ಬೆಳೆಸಿಕೊಳ್ಳುವ ಸ್ಥಿತಿ

ಮೂಲ ಕಾರಣ ಸರಿಹೋದ ಮೇಲೂ ವ್ಯವಸ್ಥೆ ಚೇತರಿಸಿಕೊಳ್ಳದಿದ್ದರೆ ಒಳಗೆ ಒಂದು ಸುಳಿ ಇದೆ ಎಂದು ತಿಳಿಯಬೇಕು. ಅತ್ಯಂತ ಹೆಚ್ಚು ಅಪಾಯ ಮಾಡುವುದು ಇದೇ ಎಂದು ನನ್ನ ಅಭಿಪ್ರಾಯ. 2010ರ ಸೆಪ್ಟೆಂಬರ್ 23ರಂದು ಫೇಸ್‌ಬುಕ್ ಸುಮಾರು ಎರಡೂವರೆ ಗಂಟೆ ನಿಂತಾಗ ನಡೆದದ್ದು ಹೀಗೆ. ಒಂದು ಸಂರಚನಾ ಮೌಲ್ಯ ತಪ್ಪಾಗಿ ಬದಲಾಯಿತು. ಪ್ರತಿ ಸರ್ವರೂ ಕ್ಯಾಶ್‌ನಲ್ಲಿ (ಬೇಗ ಸಿಗಲೆಂದು ಇಟ್ಟುಕೊಂಡ ಪ್ರತಿಯಲ್ಲಿ) ಇದ್ದ ಮೌಲ್ಯ ಸರಿಯಿಲ್ಲವೆಂದು ಕಂಡು, ಸರಿಪಡಿಸಲು ಡೇಟಾಬೇಸನ್ನು ಕೇಳಿತು. ಸೆಕೆಂಡಿಗೆ ಲಕ್ಷಗಟ್ಟಲೆ ಬಂದ ಕ್ವೆರಿಗಳಿಗೆ ಡೇಟಾಬೇಸ್ ಎರರ್ ಕೊಡತೊಡಗಿತು. ಎರರ್ ಬಂದರೂ ಮೌಲ್ಯ ತಪ್ಪು ಎಂದೇ ಪ್ರೋಗ್ರಾಮ್ ಅರ್ಥ ಮಾಡಿಕೊಂಡು ಕ್ಯಾಶ್‌ನ ಪ್ರತಿಯನ್ನು ಅಳಿಸಿ ಮತ್ತೆ ಕೇಳುತ್ತಿತ್ತು. ಮೂಲ ಮೌಲ್ಯವನ್ನು ಸರಿಪಡಿಸಿದ ಮೇಲೂ ಕ್ವೆರಿಗಳ ಪ್ರವಾಹ ನಿಲ್ಲಲಿಲ್ಲ. ಕೊನೆಗೆ ಆ ಡೇಟಾಬೇಸಿಗೆ ಹೋಗುವ ಎಲ್ಲ ದಟ್ಟಣೆಯನ್ನು ನಿಲ್ಲಿಸಿ, ಅಂದರೆ ತಾಣವನ್ನೇ ಮುಚ್ಚಿ, ಡೇಟಾಬೇಸ್ ಸುಧಾರಿಸಿದ ಬಳಿಕ ಜನರನ್ನು ಸ್ವಲ್ಪ ಸ್ವಲ್ಪವಾಗಿ ಒಳಗೆ ಬಿಡಬೇಕಾಯಿತು.

ಅಮೆಜಾನ್‌ನ ಕ್ಲೌಡ್ ಡೇಟಾಬೇಸ್ ಡೈನಮೊಡಿಬಿಯಲ್ಲಿ 2015ರ ಸೆಪ್ಟೆಂಬರ್ 20ರಂದು ಇದೇ ಸುಳಿ ಬೇರೆ ರೂಪದಲ್ಲಿ ಬಂತು. ಸ್ವಲ್ಪ ಹೊತ್ತಿನ ನೆಟ್‌ವರ್ಕ್ ಅಡಚಣೆಯ ನಂತರ ಸಂಗ್ರಹ ಸರ್ವರ್‌ಗಳು ತಮ್ಮ ಜವಾಬ್ದಾರಿಯ ಪಟ್ಟಿಯನ್ನು, ಯಾವ ಮಾಹಿತಿ ಯಾವ ಸರ್ವರಿನದು ಎಂಬ ಲೆಕ್ಕ ಇಡುವ ಮೆಟಾಡೇಟಾ ಸೇವೆಯಿಂದ ಒಟ್ಟಿಗೆ ಕೇಳಿದವು. ಹೊಸ ಇಂಡೆಕ್ಸ್ ಸೌಲಭ್ಯದ ಬಳಕೆ ಹೆಚ್ಚಿ ಆ ಪಟ್ಟಿಗಳು ಹಿಂದಿನದಕ್ಕಿಂತ ದೊಡ್ಡದಾಗಿದ್ದರಿಂದ ನಿಗದಿತ ಸಮಯದಲ್ಲಿ ಉತ್ತರ ಸಿಗಲಿಲ್ಲ. ಸಿಗದವು ಮತ್ತೆ ಮತ್ತೆ ಕೇಳಿದವು. ಸಾಮರ್ಥ್ಯ ಹೆಚ್ಚಿಸಲು ಎಂಜಿನಿಯರುಗಳು ಕೊಟ್ಟ ಆಜ್ಞೆಗಳು ಕೂಡ ಒಳಗೆ ಹೋಗದಷ್ಟು ಆ ಸೇವೆ ತುಂಬಿತ್ತು. ಅಲ್ಲಿಯೂ ಬಾಗಿಲು ಮುಚ್ಚಿ ವಿನಂತಿಗಳನ್ನು ತಡೆದ ಮೇಲೆಯೇ ಸಾಮರ್ಥ್ಯ ಸೇರಿಸಲು ಸಾಧ್ಯವಾಯಿತು.

ಈ ಸುಳಿಯಲ್ಲಿ ಮನುಷ್ಯರೂ ಸೇರಿಕೊಳ್ಳುತ್ತಾರೆ. ಲಂಡನ್ ಆಂಬುಲೆನ್ಸ್ ಸೇವೆ 1992ರ ಅಕ್ಟೋಬರ್ 26ರಂದು ಕಂಪ್ಯೂಟರ್ ಮೂಲಕ ವಾಹನ ಕಳಿಸುವ ಹೊಸ ವ್ಯವಸ್ಥೆಗೆ ಪೂರ್ತಿಯಾಗಿ ಬದಲಾಯಿತು. ವಾಹನಗಳು ಎಲ್ಲಿವೆ ಎಂಬ ಮಾಹಿತಿ ತಪ್ಪಾದಾಗ ತಪ್ಪು ವಾಹನ ಹೋಗುತ್ತಿತ್ತು, ಅಸಹಜ ಸ್ಥಿತಿಯ ಎಚ್ಚರಿಕೆ ಸಂದೇಶಗಳು ಪಟ್ಟಿಯಲ್ಲಿ ರಾಶಿಬಿದ್ದು ಪರದೆಯಿಂದ ಮೇಲೆ ಜಾರುತ್ತಿದ್ದವು, ಪಟ್ಟಿ ಬೆಳೆದಂತೆ ವ್ಯವಸ್ಥೆ ಇನ್ನೂ ನಿಧಾನವಾಯಿತು. ಆಂಬುಲೆನ್ಸ್ ಬಾರದ ಮನೆಯವರು ಮತ್ತೆ ಕರೆ ಮಾಡಿದರು, ಆ ಕರೆಗಳು ಭಾರವನ್ನು ಮತ್ತಷ್ಟು ಹೆಚ್ಚಿಸಿದವು. ಅವರು ಮಾಡಿದ್ದು ಸರಿಯಾದದ್ದೇ. ಆಪತ್ತಿನಲ್ಲಿರುವವರು ಮತ್ತೆ ಕರೆ ಮಾಡುತ್ತಾರೆ ಎಂದು ಲೆಕ್ಕವಿಟ್ಟು ಕಟ್ಟುವುದು ಕಟ್ಟುವವರ ಹೊಣೆ. ಅಡಿಕೆ ಬಿಲ್ಲಿನ ಪ್ರಕರಣದಲ್ಲೂ ಸಿಬ್ಬಂದಿ ಬಟನ್ ಮತ್ತೆ ಮತ್ತೆ ಒತ್ತಿದ್ದು ಲಾಗಿನಲ್ಲಿ ಕಾಣುತ್ತಿತ್ತು: ಒಂದೇ ಬಿಲ್ಲಿಗೆ ಮೂರು, ನಾಲ್ಕು ವಿನಂತಿಗಳು.

ಸುಳಿಯನ್ನು ಗುರುತಿಸುವ ಪರೀಕ್ಷೆ ಸರಳ. ಹೊರಗಿನಿಂದ ಬಂದ ವಿನಂತಿಗಳ ಎಣಿಕೆಯನ್ನೂ ಒಳಗಿನ ಸೇವೆಗೆ ಹೋದ ವಿನಂತಿಗಳ ಎಣಿಕೆಯನ್ನೂ ಒಟ್ಟಿಗೆ ಇಟ್ಟು ನೋಡಿ. ಮೊದಲನೆಯದು ಹಾಗೆಯೇ ಇದ್ದು ಎರಡನೆಯದು ಹಲವು ಪಟ್ಟು ಏರಿದ್ದರೆ ಮರುಪ್ರಯತ್ನಗಳೇ ಭಾರ. ಪದರದ ಮೇಲೆ ಪದರ ಇದ್ದು ಪ್ರತಿ ಪದರವೂ ಒಟ್ಟು ಮೂರು ಸಲ ಯತ್ನಿಸಿದರೆ, ಮೂರು ಪದರ ದಾಟುವಷ್ಟರಲ್ಲಿ ಒಂದು ವಿನಂತಿ 27 ಆಗುತ್ತದೆ. ಆಗ ಮಾಡಬೇಕಾದದ್ದು ಬರುವವರಲ್ಲಿ ಒಂದು ಭಾಗಕ್ಕೆ "ಸ್ವಲ್ಪ ಹೊತ್ತು ಬಿಟ್ಟು ಬನ್ನಿ" ಎಂದು ತಕ್ಷಣ ಉತ್ತರ ಕೊಟ್ಟು ಕಳಿಸಿ, ಒಳಗಿನ ಸರದಿ ಕರಗಿದ ಮೇಲೆ ಹಂತಹಂತವಾಗಿ ಬಾಗಿಲು ತೆರೆಯುವುದು. ಶಾಶ್ವತ ಪರಿಹಾರವಾಗಿ ಮರುಪ್ರಯತ್ನವನ್ನು ಒಂದೇ ಪದರದಲ್ಲಿ ಇಟ್ಟು, ಪ್ರತಿ ಸಲವೂ ಅಂತರವನ್ನು ದುಪ್ಪಟ್ಟು ಮಾಡಿ, ಎಲ್ಲರೂ ಒಂದೇ ಕ್ಷಣಕ್ಕೆ ಮರಳದಂತೆ ಅಂತರದಲ್ಲಿ ಸ್ವಲ್ಪ ಹೆಚ್ಚುಕಡಿಮೆ ಸೇರಿಸಬೇಕು. ಬಟನ್ ಒತ್ತಿದೊಡನೆ ನಿಷ್ಕ್ರಿಯವಾಗಬೇಕು, ಪ್ರತಿ ಬಿಲ್ಲಿಗೂ ಒಂದು ವಿಶಿಷ್ಟ ಸಂಖ್ಯೆ ಇದ್ದು ಎರಡನೆಯ ವಿನಂತಿ ಬಂದರೆ ಮೊದಲನೆಯದರ ಫಲಿತಾಂಶವನ್ನೇ ಕೊಡಬೇಕು.

ಸರ್ವರ್ ಸೇರಿಸಿದ ಮೇಲೆ ಹೆಚ್ಚು ಕೆಟ್ಟರೆ

ಅಪ್ಲಿಕೇಷನ್ ಸರ್ವರ್‌ಗಳನ್ನು ಎರಡರಿಂದ ಆರಕ್ಕೆ ಏರಿಸಿ, ಪ್ರತಿಯೊಂದರ ಪೂಲ್ 20 ಇದ್ದರೆ ಡೇಟಾಬೇಸಿನ ಮೇಲೆ 120 ಕನೆಕ್ಷನ್ ಬೀಳುತ್ತದೆ. ಪೋಸ್ಟ್‌ಗ್ರೆಸ್‌ನ ಮೂಲ ಮಿತಿ 100. ಇದು ನಮ್ಮ ಕಡೆ ಪದೇ ಪದೇ ಕಾಣುವ ರೂಪ. ದೊಡ್ಡ ರೂಪ ಅಮೆಜಾನ್‌ನ ಮಾಹಿತಿ ಪ್ರವಾಹ ಸಾಗಿಸುವ ಕೈನೆಸಿಸ್ ಸೇವೆಯಲ್ಲಿ 2020ರ ನವೆಂಬರ್ 25ರಂದು ಕಂಡಿತು. ಅಲ್ಲಿ ಮುಂಭಾಗದ ಪ್ರತಿ ಸರ್ವರ್ ಉಳಿದ ಪ್ರತಿ ಸರ್ವರಿಗಾಗಿ ಒಂದೊಂದು ಥ್ರೆಡ್ ಇಟ್ಟುಕೊಳ್ಳುತ್ತಿತ್ತು. ಸ್ವಲ್ಪ ಸಾಮರ್ಥ್ಯ ಸೇರಿಸಿದಾಗ ಎಲ್ಲ ಸರ್ವರ್‌ಗಳಲ್ಲೂ ಥ್ರೆಡ್‌ಗಳ ಸಂಖ್ಯೆ ಆಪರೇಟಿಂಗ್ ಸಿಸ್ಟಮ್‌ನಲ್ಲಿ ಇಟ್ಟಿದ್ದ ಮಿತಿಯನ್ನು ದಾಟಿತು. ಸೇರಿಸಿದ್ದನ್ನು ತೆಗೆದು ಸರ್ವರ್‌ಗಳನ್ನು ನಿಧಾನವಾಗಿ ರೀಸ್ಟಾರ್ಟ್ ಮಾಡಬೇಕಾಯಿತು. 2021ರ ಅಕ್ಟೋಬರ್ 28ರಿಂದ 73 ಗಂಟೆ ನಿಂತ ಆನ್‌ಲೈನ್ ಆಟಗಳ ತಾಣ ರೋಬ್ಲಾಕ್ಸ್‌ನಲ್ಲಿ 64 ಕೋರ್‌ಗಳ ಯಂತ್ರದ ಬದಲು 128 ಕೋರ್‌ಗಳದ್ದನ್ನು ಹಾಕಿದಾಗ ಸ್ಥಿತಿ ಇನ್ನೂ ಹದಗೆಟ್ಟಿತು, ಏಕೆಂದರೆ ಎಲ್ಲ ಕೋರ್‌ಗಳೂ ಹೋರಾಡುತ್ತಿದ್ದುದು ಒಂದೇ ಹಂಚಿಕೆಯ ಜಾಗಕ್ಕಾಗಿ. ಸೇರಿಸುವ ಮುನ್ನ ಹೊಸ ಸರ್ವರ್ ಯಾವುದನ್ನು ಹಂಚಿಕೊಳ್ಳುತ್ತದೆ ಎಂದು ಬರೆದು ನೋಡಿ. ಸರದಿ ಇರುವುದು ಆ ಹಂಚಿಕೆಯ ಜಾಗದಲ್ಲೇ ಆಗಿದ್ದರೆ ಸೇರಿಸಬೇಡಿ.

ದಿನ ಕಳೆದಂತೆ ನಿಧಾನವಾಗುವುದು

ರೀಸ್ಟಾರ್ಟ್ ಮಾಡಿದರೆ ಸರಿಹೋಗಿ ಕೆಲವು ದಿನಕ್ಕೆ ಮತ್ತೆ ಬಂದರೆ ಮೆಮೊರಿ, ತೆರೆದ ಫೈಲು, ಮುಚ್ಚದ ಕನೆಕ್ಷನ್ ಇವುಗಳಲ್ಲಿ ಒಂದು ಸೋರುತ್ತಿದೆ. ಲಂಡನ್ ಆಂಬುಲೆನ್ಸ್ ವ್ಯವಸ್ಥೆ ಅದೇ 1992ರ ನವೆಂಬರ್ 4ರ ನಸುಕಿನಲ್ಲಿ ಪೂರ್ತಿ ನಿಂತದ್ದು ಹೀಗೆಯೇ: ಮೂರು ವಾರ ಹಿಂದೆ ಬಿಟ್ಟುಹೋಗಿದ್ದ ಒಂದು ತುಣುಕು ಕೋಡು ಪ್ರತಿ ಸಲ ಸ್ವಲ್ಪ ಮೆಮೊರಿ ಹಿಡಿದು ಬಿಡದೆ ಇಟ್ಟುಕೊಳ್ಳುತ್ತಿತ್ತು. ರೀಸ್ಟಾರ್ಟ್ ಮಾಡಲು ತಗಲುವ ಸಮಯವೂ ಬೆಳೆಯುತ್ತದೆ ಎಂಬುದನ್ನು ಮರೆಯಬಾರದು. 2017ರ ಫೆಬ್ರವರಿ 28ರಂದು ಅಮೆಜಾನ್‌ನ ಫೈಲು ಸಂಗ್ರಹ ಸೇವೆ ಎಸ್3ಯಲ್ಲಿ ತಪ್ಪಾದ ಆಜ್ಞೆಯೊಂದು ಹೆಚ್ಚು ಸರ್ವರ್‌ಗಳನ್ನು ತೆಗೆದುಹಾಕಿದಾಗ, ವರ್ಷಗಳಿಂದ ಪೂರ್ತಿ ರೀಸ್ಟಾರ್ಟ್ ಕಾಣದೆ ಬಹಳ ದೊಡ್ಡದಾಗಿದ್ದ ಉಪವ್ಯವಸ್ಥೆಗಳು ಏಳಲು ಎಣಿಸಿದ್ದಕ್ಕಿಂತ ಹೆಚ್ಚು ಹೊತ್ತು ಹಿಡಿದವು.

ಮೊದಲೇ ಗೊತ್ತಿರುವ ಜನಸಂದಣಿ

ಫಲಿತಾಂಶದ ದಿನ, ಮಾರ್ಚ್ 31, ದೇವಸ್ಥಾನದ ಸೇವೆಯ ಬುಕಿಂಗ್ ತೆರೆಯುವ ಹೊತ್ತು ಇವೆಲ್ಲ ಹೇಳಿ ಬರುವ ಸಂದಣಿಗಳು. ಅಮೆರಿಕದ ಹೆಲ್ತ್‌ಕೇರ್ ಡಾಟ್ ಗವ್ ತಾಣ 2013ರ ಅಕ್ಟೋಬರ್ 1ರಂದು ತೆರೆದಾಗ ಮೊದಲ ದಿನ ನೋಂದಣಿ ಮುಗಿಸಿದವರು ಆರು ಮಂದಿ. ವಿಮೆಯ ಯೋಜನೆಗಳನ್ನು ಸುಮ್ಮನೆ ನೋಡಲು ಬಂದವರೂ ಮೊದಲು ಖಾತೆ ತೆರೆಯಬೇಕಿತ್ತು. ಬಂದವರೆಲ್ಲ ಒಂದೇ ಇಕ್ಕಟ್ಟಿನ ಬಾಗಿಲಿನಲ್ಲಿ ನಿಂತರು. ನಮ್ಮಲ್ಲಿ 2021ರ ಏಪ್ರಿಲ್ 28ರ ಸಂಜೆ 4 ಗಂಟೆಗೆ 18 ವರ್ಷ ಮೀರಿದವರಿಗೆ ಲಸಿಕೆಯ ನೋಂದಣಿ ತೆರೆದ ಕೂಡಲೇ ಕೋವಿನ್ ಸ್ವಲ್ಪ ಹೊತ್ತು ತಡವರಿಸಿತು, ಆದರೂ ಅಂದೇ ಒಂದು ಕೋಟಿಗೂ ಹೆಚ್ಚು ಮಂದಿ ನೋಂದಾಯಿಸಿಕೊಂಡರು.

ಭಾರವನ್ನು ಹಂಚುವುದೂ ಒಂದು ಪರಿಹಾರ ಎಂಬುದಕ್ಕೆ ರೈಲ್ವೆಯ ತತ್ಕಾಲ್ ಬುಕಿಂಗ್ ಒಳ್ಳೆಯ ಉದಾಹರಣೆ. ಮತ್ಸ್ಯಗಂಧದಲ್ಲಿ ಮುಂಬೈಗೆ ಹೊರಡುವ ಉಡುಪಿಯವರಿಗೆ ಇದು ಬಾಯಿಪಾಠ: ಎಸಿ ಬೆಳಿಗ್ಗೆ 10ಕ್ಕೆ, ಸ್ಲೀಪರ್ 11ಕ್ಕೆ. 2015ರಲ್ಲಿ ಹೀಗೆ ಎರಡು ಹೊತ್ತಿಗೆ ಒಡೆದದ್ದು ಒಂದೇ ಕ್ಷಣದ ನೂಕುನುಗ್ಗಲನ್ನು ತಗ್ಗಿಸಿತು. ಅದಕ್ಕೆ ಮೊದಲು, 2014ರಲ್ಲಿ, ಹೊಸ ವ್ಯವಸ್ಥೆ ನಿಮಿಷಕ್ಕೆ 2,000 ಟಿಕೆಟ್ಟುಗಳ ಸಾಮರ್ಥ್ಯವನ್ನು 7,200ಕ್ಕೆ ಏರಿಸಿತ್ತು. ಕಾಲೇಜಿನ ಫಲಿತಾಂಶವನ್ನು ವಿಭಾಗವಾರು ಅರ್ಧ ಗಂಟೆಯ ಅಂತರದಲ್ಲಿ ಬಿಡುವುದು, ಲಾಗಿನ್ ಕೇಳದೆ ತೋರಿಸಬಹುದಾದ ಪುಟವನ್ನು ಸ್ಥಿರ ಫೈಲಾಗಿ ಇಡುವುದು, ಇವಕ್ಕೆ ಖರ್ಚಿಲ್ಲ.

ಲೋಡ್ ಪರೀಕ್ಷೆ ಮಾಡುವಾಗ ಖಾಲಿ ಡೇಟಾಬೇಸ್ ಬಳಸಬೇಡಿ, ನಿಜದಷ್ಟೇ ದಾಖಲೆ ಇರಲಿ. ನಿರೀಕ್ಷಿತ ಭಾರಕ್ಕೆ ನಿಲ್ಲಿಸದೆ ವ್ಯವಸ್ಥೆ ಮುರಿಯುವವರೆಗೆ ಏರಿಸಿ, ಯಾವ ಭಾಗ ಮೊದಲು ಮುರಿಯಿತು ಮತ್ತು ಭಾರ ಇಳಿಸಿದ ಮೇಲೆ ತಾನಾಗಿ ಚೇತರಿಸಿತೇ ಎಂದು ದಾಖಲಿಸಿ.

ಪರಿಹಾರವನ್ನು ಪರೀಕ್ಷಿಸುವುದು

ದೋಷ ಮರಳಲಿಲ್ಲ ಎಂಬ ಕಾರಣಕ್ಕೆ ದೂರನ್ನು ಮುಚ್ಚಬಾರದು. ಅಂದಿನ ಸ್ಥಿತಿಯನ್ನು ಬೇಕೆಂದೇ ಸೃಷ್ಟಿಸಿ ನೋಡಬೇಕು. ಅಡಿಕೆ ಬಿಲ್ಲಿನ ಪ್ರಕರಣದಲ್ಲಿ ಪರೀಕ್ಷಾ ಸರ್ವರಿಗೆ ನಿಜವಾದ ಎಸ್‌ಎಂಎಸ್ ಸೇವೆಯ ಬದಲು ಉತ್ತರಿಸಲು 60 ಸೆಕೆಂಡು ತೆಗೆದುಕೊಳ್ಳುವ ಒಂದು ನಕಲಿ ಸೇವೆಯನ್ನು ಜೋಡಿಸಿ, ಸೆಕೆಂಡಿಗೆ ಹತ್ತು ಬಿಲ್ಲಿನಂತೆ ಅರ್ಧ ಗಂಟೆ ಭಾರ ಹಾಕಲಾಯಿತು. ಸಂದೇಶಗಳ ಟೇಬಲ್ ಬೆಳೆಯುತ್ತಾ ಹೋದರೂ ಬಿಲ್ಲಿನ 99ನೆಯ ಸ್ಥಾನದ ಸಮಯ ಅಲುಗಲಿಲ್ಲ, ಬಳಕೆಯಲ್ಲಿದ್ದ ಕನೆಕ್ಷನ್‌ಗಳು ಮೂರನ್ನು ದಾಟಲಿಲ್ಲ; ನಕಲಿ ಸೇವೆಯನ್ನು ವೇಗವಾಗಿಸಿದ ಮೇಲೆ ಬಾಕಿ ಸಂದೇಶಗಳು ಒಂದೂ ತಪ್ಪದೆ, ಎರಡು ಸಲವೂ ಹೋಗದೆ ಖಾಲಿಯಾದವು. ಪೂಲಿನಲ್ಲಿ ಕಾಯುತ್ತಿರುವ ಥ್ರೆಡ್‌ಗಳ ಸಂಖ್ಯೆ ಸೊನ್ನೆಗಿಂತ ಹೆಚ್ಚಾಗಿ ಒಂದು ನಿಮಿಷ ಉಳಿದರೆ ಎಂಜಿನಿಯರಿಗೆ ಕರೆ ಹೋಗುವಂತೆ ಎಚ್ಚರಿಕೆ ಇಟ್ಟು, ಆ ಎಚ್ಚರಿಕೆಯೂ ಬರುತ್ತದೆಯೇ ಎಂದು ಪೂಲನ್ನು ಒಮ್ಮೆ 1ಕ್ಕೆ ಇಳಿಸಿ ನೋಡಿ, ಆಮೇಲೆ ಹೊಸ ಆವೃತ್ತಿಯನ್ನು ಮೊದಲು ಒಂದು ಶಾಖೆಗೆ, ಮರುದಿನ ಎಲ್ಲ ಶಾಖೆಗಳಿಗೆ ಬಿಡಲಾಯಿತು.